ಜಲದುರ್ಗದ ಎದುರು ಗಂಡಭೇರುಂಡ

1961ರ ಡಿಸೆಂಬರ್ 18. ಕಾರವಾರದ ಕಣ್ಣೆದುರಿನ ಪುಟ್ಟ ದ್ವೀಪವೊಂದರ ಮೇಲೆ ನಮ್ಮ ನಾವಿಕರು ದೋಣಿಗಳಲ್ಲಿ ಹೋಗಿ ಇಳಿದರು. ಮೈಸೂರಿನ ಹೆಸರು ಹೊತ್ತ ಭಾರೀ ಯುದ್ಧನೌಕೆ ಅವರ ಬೆನ್ನಿಗೆ ನಿಂತಿತ್ತು. ಆದರೂ ಏಳು ಮಂದಿ ಮರಳಲಿಲ್ಲ. ಏಕೆ?

ಡಿಸೆಂಬರ್ ಬಂತೆಂದರೆ ಅರಸೀಕೆರೆಯ ರೈಲು ನಿಲ್ದಾಣದ ಮುಂದೆ, ಹಳೇಬೀಡಿನ ದೇವಾಲಯದ ಹುಲ್ಲುಹಾಸಿನ ಮೇಲೆ, ಬೇಲೂರಿನ ಗೋಪುರದ ನೆರಳಿನಲ್ಲಿ ಎಲ್ಲೆಲ್ಲೂ ಮಕ್ಕಳೇ ಮಕ್ಕಳು. ಶಾಲಾ ಪ್ರವಾಸದ ಕಾಲವದು. ಮೇಷ್ಟರು ಮುಂದೆ, ಸಾಲಾಗಿ ಮಕ್ಕಳು ಹಿಂದೆ. ಗೈಡು ಶಿಲಾಬಾಲಿಕೆಯ ಬಳೆ ತೋರಿಸುತ್ತಾರೆ, ದರ್ಪಣಸುಂದರಿಯ ಮುಂದೆ ನಿಲ್ಲಿಸುತ್ತಾರೆ. ಹಾಗೆಯೇ ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಶಿಲ್ಪದ ಬಳಿ ಕರೆದೊಯ್ದು, "ಇಲ್ಲಿ ನೋಡಿ, ಯಾರನ್ನು ಯಾರು ಹಿಡಿದಿದ್ದಾರೆ ಹೇಳಿ" ಎಂದು ಕೇಳುತ್ತಾರೆ. ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಎರಡು ತಲೆಯ ಗಂಡಭೇರುಂಡ! ಬಲಶಾಲಿಗೂ ಒಬ್ಬ ಬಲಶಾಲಿ ಇದ್ದಾನೆ. ಎಲ್ಲಕ್ಕಿಂತ ಮೇಲೆ ಗಂಡಭೇರುಂಡ.

ಮೈಸೂರು ಅರಸರ ಲಾಂಛನವಾಗಿದ್ದ ಈ ಹಕ್ಕಿ ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ನಮ್ಮ ಬಸ್ಸಿನ ಟಿಕೆಟ್ಟಿನಿಂದ ಹಿಡಿದು ವಿಧಾನಸೌಧದವರೆಗೆ ಅದನ್ನು ಕಾಣುತ್ತೇವೆ. ಆದರೆ ಈ ಹಕ್ಕಿ ಒಮ್ಮೆ ಸಮುದ್ರಕ್ಕೂ ಇಳಿದಿತ್ತು, ನಿಜವಾದ ಯುದ್ಧವೊಂದನ್ನು ಕಂಡಿತ್ತು ಎನ್ನುವುದು ಎಷ್ಟು ಮಂದಿಗೆ ಗೊತ್ತು? ಭಾರತೀಯ ನೌಕಾಪಡೆಯ 'ಐಎನ್‌ಎಸ್ ಮೈಸೂರು' ಎಂಬ ಕ್ರೂಸರ್ ನೌಕೆಯ ಲಾಂಛನ ಗಂಡಭೇರುಂಡವೇ. 1961ರ ಡಿಸೆಂಬರಿನಲ್ಲಿ ಆ ನೌಕೆ ನಮ್ಮದೇ ಉತ್ತರ ಕನ್ನಡದ ಕರಾವಳಿಯ ಎದುರು, ಅಂಜದೀವ್ ಎಂಬ ದ್ವೀಪದ ಮುಂದೆ ಲಂಗರು ಎತ್ತಿ ನಿಂತಿತ್ತು. ಬೇಲೂರಿನ ಶಿಲ್ಪದ ಲೆಕ್ಕದಲ್ಲಿ ಅಂದು ಯಾರಿಗೂ ಏನೂ ಆಗಬಾರದಿತ್ತು. ಆದರೆ ಸಮುದ್ರದ ಲೆಕ್ಕವೇ ಬೇರೆ.

ಗಿರಿದುರ್ಗ, ಜಲದುರ್ಗ

ಕೋಟೆಗಳಲ್ಲಿ ನಾಲ್ಕು ಬಗೆ ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ: ನೀರು ಸುತ್ತುವರಿದದ್ದು, ಬೆಟ್ಟದ ಮೇಲಿನದು, ಮರುಭೂಮಿಯದು, ಕಾಡಿನದು. ಹೊಯ್ಸಳ ಅರಸರಿಗೆ ಇವುಗಳಲ್ಲಿ ಚೆನ್ನಾಗಿ ಪರಿಚಯವಿದ್ದದ್ದು ಬೆಟ್ಟದ ಕೋಟೆ. ಎರಡನೆಯ ಬಲ್ಲಾಳ ಉಚ್ಚಂಗಿಯ ದುರ್ಗವನ್ನು ಗೆದ್ದು 'ಗಿರಿದುರ್ಗಮಲ್ಲ' ಎಂದು ಬಿರುದು ಪಡೆದ. ದೋರಸಮುದ್ರ ಎಂಬ ರಾಜಧಾನಿಯ ಹೆಸರಿನಲ್ಲಿ ಸಮುದ್ರವಿದ್ದರೂ ಅದು ಕೆರೆಯ ಸಮುದ್ರ. ಕಡಲು ಘಟ್ಟದ ಆಚೆಗಿತ್ತು.

ಹಾಗೆಂದು ಕನ್ನಡ ನಾಡಿನ ಅರಸರಿಗೆ ಜಲದುರ್ಗದ ಯುದ್ಧ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಕ್ರಿ.ಶ. 634ರ ಐಹೊಳೆಯ ಶಾಸನವನ್ನೇ ನೋಡಿ. ಬಾದಾಮಿ ಚಾಲುಕ್ಯರ ಮಂಗಳೇಶ ರೇವತಿದ್ವೀಪವನ್ನು ಗೆದ್ದ ಸಂಗತಿ ಅದರಲ್ಲಿದೆ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರದ ಮೇಲೆ ಏರಿಹೋದ ಸಂಗತಿಯನ್ನೂ ಕವಿ ರವಿಕೀರ್ತಿ ಅಲ್ಲಿ ಬರೆಸಿದ್ದಾನೆ. ಅಂದರೆ ಹಡಗಿನಲ್ಲಿ ಸೈನ್ಯ ತುಂಬಿಕೊಂಡು ಹೋಗಿ ದಡಕ್ಕೆ ಇಳಿದು ಕೋಟೆ ಹಿಡಿಯುವ ವಿದ್ಯೆ ನಮ್ಮವರಿಗೆ ಹದಿನಾಲ್ಕು ಶತಮಾನಗಳಷ್ಟು ಹಳೆಯದು.

ಬೆಟ್ಟದ ಕೋಟೆಗೂ ನೀರಿನ ಕೋಟೆಗೂ ಏನು ವ್ಯತ್ಯಾಸ? ಬೆಟ್ಟಕ್ಕೆ ಮುತ್ತಿಗೆ ಹಾಕಿದವನು ಬಂಡೆಯ ಮರೆಯಲ್ಲಿ ಕೂರಬಹುದು, ಕತ್ತಲಾಗುವವರೆಗೆ ಕಾಯಬಹುದು, ಸೋತರೆ ಇಳಿದು ಓಡಬಹುದು. ನೀರಿನಲ್ಲಿ ಮರೆ ಎಂಬುದೇ ಇಲ್ಲ. ದೋಣಿಯಲ್ಲಿ ಕುಳಿತವನಿಗೆ ನಾಲ್ಕೂ ಕಡೆ ಬಯಲು, ಕೆಳಗೆ ಆಳ. ಹಿಂದಕ್ಕೆ ತಿರುಗುವುದಕ್ಕೆ ಮುಂದಕ್ಕೆ ಹೋಗುವಷ್ಟೇ ಹೊತ್ತು ಬೇಕು. ಮರಾಠರ ಪಡೆಗಳು ಮತ್ತೆ ಮತ್ತೆ ಪ್ರಯತ್ನಿಸಿದರೂ ಜಂಜೀರಾ ಎಂಬ ದ್ವೀಪದುರ್ಗ ಶಿವಾಜಿಯ ಕೈಗೂ ಸಿಗಲಿಲ್ಲ, ಸಂಭಾಜಿಯ ಕೈಗೂ ಸಿಗಲಿಲ್ಲ.

ಸಿಹಿನೀರಿನ ಬಂಡೆ

ಅಂಜದೀವ್ ಇರುವುದು ಕಾರವಾರ ಪಟ್ಟಣದ ದಕ್ಷಿಣಕ್ಕೆ, ಬಿಣಗಾ–ಅರಗಾ ಕರಾವಳಿಯ ಎದುರಿಗೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್ ಅಷ್ಟೆ. ಭೂಪಟದಲ್ಲಿ ಅದು ಕರ್ನಾಟಕದ ಮಡಿಲಿನಲ್ಲಿದ್ದರೂ ಆಡಳಿತಕ್ಕೆ ಗೋವಾ ರಾಜ್ಯಕ್ಕೆ ಸೇರಿದೆ. ಅಲ್ಲಿ ಆರ್ಯಾದುರ್ಗಾ ದೇವಿಯ ಗುಡಿ ಇತ್ತು, ಪೋರ್ಚುಗೀಸರು ಬಂದ ಮೇಲೆ ದೇವಿಯನ್ನು ಅಂಕೋಲೆಗೆ ತರಲಾಯಿತು ಎಂಬುದು ಅಲ್ಲಿನ ಜನ ನಂಬಿಕೊಂಡು ಬಂದ ಕಥೆ.

ಇಷ್ಟು ಚಿಕ್ಕ ಬಂಡೆಗೆ ಏಕಿಷ್ಟು ಮಹತ್ವ? ಉತ್ತರ ಸರಳ: ಕುಡಿಯುವ ನೀರು. ದ್ವೀಪದಲ್ಲಿ ಸಿಹಿನೀರಿನ ಒರತೆಗಳಿವೆ. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿ ಬಂದ ಹಡಗಿನವನಿಗೆ ಚಿನ್ನಕ್ಕಿಂತ ಅದು ದೊಡ್ಡದು. 1498ರಲ್ಲಿ ಕಲ್ಲಿಕೋಟೆಯಿಂದ ಊರಿಗೆ ಮರಳುವಾಗ ವಾಸ್ಕೋ ಡ ಗಾಮಾ ಇಲ್ಲೇ ತಂಗಿದ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಕೆಡವಿ ಹೋದದ್ದೂ ಆಯಿತು. 1682ರಲ್ಲಿ ಮತ್ತೆ ಕೋಟೆ ಎದ್ದಿತು. ಒರತೆಗಳ ಮಾತೆಯ ಹೆಸರಿನ ಚರ್ಚೂ ಅಲ್ಲಿ ಬಂತು.

ನಡುವೆ ಇನ್ನೊಂದು ದಾರುಣ ಅಧ್ಯಾಯವಿದೆ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಪೋರ್ಚುಗಲ್ಲಿನ ರಾಜಕುಮಾರಿಯೊಡನೆ ಮದುವೆಯಾದಾಗ ಬಳುವಳಿಯಾಗಿ ಬಂದದ್ದು ಮುಂಬಯಿ ದ್ವೀಪ ಎಂದು ಪಾಠದಲ್ಲಿ ಓದಿರುತ್ತೀರಿ. ಅದನ್ನು ವಹಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಎಂಬಾತ ನಾಲ್ಕು ನೂರರಷ್ಟು ಸೈನಿಕರೊಡನೆ ಬಂದ. ಮುಂಬಯಿಯ ಪೋರ್ಚುಗೀಸರು ಬಿಟ್ಟುಕೊಡಲು ಒಪ್ಪಲಿಲ್ಲ. ಬೇರೆ ಗತಿಯಿಲ್ಲದೆ ಆ ಸೈನಿಕರು ಅಂಜದೀವ್‌ನಲ್ಲಿ ಬೀಡುಬಿಟ್ಟರು. ಮಳೆ, ಜ್ವರ, ಭೇದಿ! ಒಂದು ಗುಂಡೂ ಹಾರದೆ ಜನ ಸಾಯುತ್ತ ಹೋದರು. 1664ರಲ್ಲಿ ಶಿಪ್‌ಮನ್ ಕೂಡ ಅಲ್ಲೇ ಸತ್ತ. 1665ರಲ್ಲಿ ಕೊನೆಗೂ ಮುಂಬಯಿ ಸೇರಿದವರು ನೂರರ ಆಸುಪಾಸು.

ನವೆಂಬರಿನ ಗುಂಡುಗಳು

1947ರಲ್ಲಿ ಬ್ರಿಟಿಷರು ಹೋದರು. ಫ್ರೆಂಚರು ಮಾತುಕತೆಗೆ ಒಪ್ಪಿ 1954ರಲ್ಲಿ ಪುದುಚೇರಿಯ ಆಡಳಿತ ಬಿಟ್ಟುಕೊಟ್ಟರು. ಪೋರ್ಚುಗೀಸರು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಗೋವಾ ತಮ್ಮ ವಸಾಹತೇ ಅಲ್ಲ, ಪೋರ್ಚುಗಲ್ ದೇಶದ್ದೇ ಒಂದು ಪ್ರಾಂತ್ಯ ಎಂಬುದು ಸರ್ವಾಧಿಕಾರಿ ಸಲಜಾರನ ವಾದ. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಬೆಳಗಾವಿ, ಕಾರವಾರಗಳ ಜನರಿಗೆ ಇದು ಪತ್ರಿಕೆಯಲ್ಲಿ ಓದುವ ಸುದ್ದಿಯಾಗಿರಲಿಲ್ಲ. ಪಕ್ಕದ ಮನೆಯ ಸಂಗತಿ.

1961ರ ನವೆಂಬರ್ 17ರಂದು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗು ಅಂಜದೀವ್ ಬಳಿ ಹಾದುಹೋಗುತ್ತಿದ್ದಾಗ ದ್ವೀಪದಿಂದ ಗುಂಡು ಬಂತು. ಹಡಗಿನ ಎಂಜಿನಿಯರ್ ಒಬ್ಬರಿಗೆ ಗಾಯವಾಯಿತು. ಅದಾದ ಒಂದು ವಾರದ ಆಸುಪಾಸಿನಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿ ಕಾರವಾರದ ಕಡೆಯ ಮೀನುಗಾರನೊಬ್ಬ ಪ್ರಾಣಬಿಟ್ಟ. ಬಲೆ ಬೀಸಲು ಹೋದವನು ಹೆಣವಾಗಿ ಬಂದ. ಅಲ್ಲಿಗೆ ದಿಲ್ಲಿಯ ತಾಳ್ಮೆಯೂ ಮುಗಿಯಿತು.

'ಆಪರೇಷನ್ ವಿಜಯ್' ಸಿದ್ಧವಾಯಿತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನೇತೃತ್ವದ 17ನೇ ಪದಾತಿ ಡಿವಿಜನ್ ಬೆಳಗಾವಿಯ ಕಡೆ ಜಮಾಯಿಸಿತು. ಬೆಳಗಾವಿಯ ಸಾಂಬ್ರಾ ಮತ್ತು ಪುಣೆಯ ವಿಮಾನನೆಲೆಗಳು ಸಜ್ಜಾದವು. ಸಮುದ್ರದಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್ ಕಾವಲು ನಿಂತಿತು. ಬೇತ್ವಾ ಮತ್ತು ಬಿಯಾಸ್ ನೌಕೆಗಳು ಮರ್ಮಗೋವಾ ಬಂದರಿನ ಹೊರಗೆ ಸುಳಿದಾಡತೊಡಗಿದವು. ಅಂಜದೀವ್ ದ್ವೀಪವನ್ನು ಹಿಡಿಯುವ ಕೆಲಸ ಮೈಸೂರು ಮತ್ತು ತ್ರಿಶೂಲ್ ನೌಕೆಗಳ ಪಾಲಿಗೆ ಬಂತು.

ಮೈಸೂರು ಸಣ್ಣ ಹಡಗಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ 'ನೈಜೀರಿಯಾ' ಎಂಬ ಹೆಸರಿನಲ್ಲಿ ಕಾದಾಡಿ, ಟಾರ್ಪಿಡೊ ಪೆಟ್ಟನ್ನೂ ತಿಂದು ಬದುಕಿದ್ದ ಕ್ರೂಸರ್ ಅದು. ಭಾರತ ಅದನ್ನು ಕೊಂಡು, 1957ರ ಆಗಸ್ಟ್ 29ರಂದು ಮೈಸೂರು ಎಂದು ಹೊಸ ಹೆಸರಿಟ್ಟು ಪಡೆಗೆ ಸೇರಿಸಿತ್ತು. ಆರು ಇಂಚು ವ್ಯಾಸದ ಗುಂಡು ಹಾರಿಸುವ ಒಂಬತ್ತು ಫಿರಂಗಿಗಳು ಅದರ ಮೇಲಿದ್ದವು. 1960ರಲ್ಲಿ ಸೇರಿದ ತ್ರಿಶೂಲ್ ಹೊಸ ಕಾಲದ ಫ್ರಿಗೇಟ್. ದ್ವೀಪದಲ್ಲಿದ್ದದ್ದೋ ಒಂದು ಸಣ್ಣ ಕಾವಲು ಪಡೆ, ಬಂದೂಕು ಮತ್ತು ಮೆಷಿನ್‌ಗನ್ನುಗಳು, ಒಂದು ಹಳೆಯ ಕೋಟೆ. ಆನೆಯ ಮುಂದೆ ಇರುವೆ ಎನ್ನಬೇಕು.

ದೋಣಿಯ ಲೆಕ್ಕ

ಇಲ್ಲೇ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ಫಿರಂಗಿಗಳು ಕೋಟೆ ಒಡೆಯಬಲ್ಲವು, ಆದರೆ ದ್ವೀಪವನ್ನು ಹಿಡಿಯಲಾರವು. ಹಿಡಿಯಬೇಕಾದರೆ ಮನುಷ್ಯ ನೆಲದ ಮೇಲೆ ಕಾಲಿಡಬೇಕು. ಹಡಗು ದಡದವರೆಗೆ ಹೋಗಲಾರದು, ಕೆಳಗೆ ಬಂಡೆ ತಾಗುತ್ತದೆ. ಆದ್ದರಿಂದ ಹಡಗಿಗೂ ದಡಕ್ಕೂ ನಡುವಿನ ನೀರನ್ನು ದೋಣಿಯಲ್ಲೇ ದಾಟಬೇಕು. ಯುದ್ಧದ ಭಾಗ್ಯವೆಲ್ಲ ಆ ಕೆಲವು ನಿಮಿಷಗಳಲ್ಲಿದೆ.

ಒಂದು ಊಹೆಯ ಲೆಕ್ಕ ಮಾಡೋಣ. ದೋಣಿ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 150 ಮೀಟರ್ ಆಯಿತು. ದಡದಿಂದ 600 ಮೀಟರ್ ದೂರದಲ್ಲಿ ಗುಂಡು ಬೀಳತೊಡಗಿದರೆ ದಡ ಮುಟ್ಟಲು 4 ನಿಮಿಷ ಬೇಕು. ಒಂದು ಮೆಷಿನ್‌ಗನ್ ನಿಮಿಷಕ್ಕೆ ನೂರಾರು ಗುಂಡು ಹಾರಿಸುತ್ತದೆ. ದೋಣಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕುಳಿತವರು ಅಷ್ಟು ಹೊತ್ತು ಏನು ಮಾಡಬೇಕು? ತೂಗಾಡುವ ದೋಣಿಯಿಂದ ಗುರಿಯಿಟ್ಟು ಹೊಡೆಯಲಾಗದು, ಎದ್ದು ನಿಲ್ಲಲಾಗದು, ನೀರಿಗೆ ಹಾರಿದರೆ ಹೊತ್ತ ಮದ್ದುಗುಂಡೇ ತಳಕ್ಕೆ ಎಳೆಯುತ್ತದೆ. ಕುಳಿತೇ ಇರಬೇಕು. ಹಳೇಬೀಡಿನ ಕೆರೆಯ ದಂಡೆಯಲ್ಲಿ ನಿಂತು ಆಚೆ ದಡವನ್ನು ನೋಡಿ, ಈ ನೀರಿನ ನಡುವೆ ತಾನೊಬ್ಬ ದೋಣಿಯಲ್ಲಿದ್ದೇನೆ ಎಂದು ಕಲ್ಪಿಸಿಕೊಳ್ಳಿ. ಆಗ ಆ 4 ನಿಮಿಷ ಎಷ್ಟು ಉದ್ದ ಎಂಬುದು ತಿಳಿಯುತ್ತದೆ.

ದೊಡ್ಡ ದೊಡ್ಡ ಪಡೆಗಳೂ ಈ ಲೆಕ್ಕದಲ್ಲಿ ಎಡವಿವೆ. 1943ರ ನವೆಂಬರಿನಲ್ಲಿ ಪೆಸಿಫಿಕ್ ಸಾಗರದ ತರಾವಾ ಎಂಬಲ್ಲಿ ಅಮೆರಿಕದ ಪಡೆ ಜಪಾನೀಯರ ಕೋಟೆಯಂತಿದ್ದ ಪುಟ್ಟ ದ್ವೀಪವೊಂದಕ್ಕೆ ಇಳಿಯಲು ಹೋಯಿತು. ಯುದ್ಧನೌಕೆಗಳು, ವಿಮಾನಗಳು ಬೇಕಾದಷ್ಟಿದ್ದವು. ಆದರೆ ಅಂದು ನೀರಿನ ಮಟ್ಟ ಎಣಿಸಿದಷ್ಟು ಏರಲಿಲ್ಲ. ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಸೈನಿಕರು ನೂರಾರು ಮೀಟರ್ ನೀರಿನಲ್ಲಿ ನಡೆದೇ ಹೋಗಬೇಕಾಯಿತು. ಮೂರೂವರೆ ದಿನಗಳಲ್ಲಿ ಸಾವಿರದಷ್ಟು ಅಮೆರಿಕನ್ನರು ಸತ್ತರು. ಸುಮಾರು 4,700 ಮಂದಿಯ ಎದುರಾಳಿ ಪಡೆಯಲ್ಲಿ ಜೀವಂತ ಸೆರೆಸಿಕ್ಕ ಜಪಾನಿ ಸೈನಿಕರು 17 ಮಂದಿ ಮಾತ್ರ. ಕೊರಿಯಾದ ಕೂಲಿಯಾಳುಗಳು ನೂರಿಪ್ಪತ್ತೊಂಬತ್ತು ಮಂದಿ ಉಳಿದರು.

ಅಂದು ನಡೆದದ್ದೇನು?

ಅಂಜದೀವ್ ತರಾವಾ ಅಲ್ಲ. ಹೋಲಿಸಿದರೆ ತೀರಾ ಚಿಕ್ಕ ಕಾಳಗ. ಆದರೆ ತತ್ತ್ವ ಅದೇ.

1961ರ ಡಿಸೆಂಬರ್ 18ರಂದು ಹಗಲು ಬೆಳಕಿನಲ್ಲೇ ನಾವಿಕರ ತುಕಡಿ ದ್ವೀಪದತ್ತ ಹೊರಟಿತು. ಮುಂದಾಳು ಲೆಫ್ಟಿನೆಂಟ್ ಅರುಣ್ ಆಡಿಟ್ಟೊ. ಗಮನಿಸಿ, ಇವರು ದಡಕ್ಕೆ ಇಳಿದು ಹೋರಾಡುವುದನ್ನೇ ಕಸುಬಾಗಿಸಿಕೊಂಡ ಕಮಾಂಡೊಗಳಲ್ಲ. ಅಂಥ ಪಡೆ ನೌಕಾದಳದಲ್ಲಿ ಆಗ ಇರಲೇ ಇಲ್ಲ. 'ಮಾರ್ಕೋಸ್' ಎಂಬ ನೌಕಾ ಕಮಾಂಡೊ ಪಡೆ ಹುಟ್ಟಿದ್ದು 1987ರಲ್ಲಿ. ಹಡಗಿನಲ್ಲಿ ಕೆಲಸ ಮಾಡುವ ನಾವಿಕರೇ ಬಂದೂಕು ಹಿಡಿದು ದೋಣಿ ಹತ್ತಿದ್ದರು.

ಮೊದಲ ಅಲೆಯ ದೋಣಿಗಳು ದಡ ಸೇರಿದವು. ಎರಡನೆಯ ಅಲೆ ಹೋಗುತ್ತಿದ್ದಾಗ ಅಡಗಿಕೊಂಡಿದ್ದ ಪೋರ್ಚುಗೀಸ್ ಬಂದೂಕುಗಳು ಬಾಯ್ದೆರೆದವು. ದ್ವೀಪದ ಮೇಲೆ ಶರಣಾಗತಿಯ ಬಿಳಿ ಬಾವುಟ ಏರಿತ್ತು, ಅದನ್ನು ನಂಬಿ ಮುಂದುವರಿದಾಗ ಗುಂಡು ಬಂತು ಎಂದು ನಮ್ಮ ನೌಕಾಪಡೆಯ ಕಡೆಯ ಬರಹಗಳು ಹೇಳುತ್ತವೆ. ಎರಡನೆಯ ಅಲೆಯ ಮುಂದಾಳು, ಗನ್ನರಿ ವಿಭಾಗದ ಅಧಿಕಾರಿ ಕೆಲ್ಮನ್, ಗಾಯಗೊಂಡರೂ ದೋಣಿಯನ್ನು ದಡದತ್ತಲೇ ನಡೆಸಿದರು.

ಹಾಗಾದರೆ ಆ ಒಂಬತ್ತು ಫಿರಂಗಿಗಳು ಮೊದಲೇ ದ್ವೀಪವನ್ನು ಪುಡಿ ಮಾಡಬಾರದಿತ್ತೇ? ಪ್ರಶ್ನೆ ಸಹಜ. ಗೋವಾ ಕಾರ್ಯಾಚರಣೆಯಲ್ಲಿ ಆದಷ್ಟು ಕಡಿಮೆ ಬಲ ಬಳಸಿ, ಆದಷ್ಟು ಕಡಿಮೆ ಹಾನಿ ಮಾಡಿ ಎಂಬುದು ಸರ್ಕಾರದ ಧೋರಣೆಯಾಗಿತ್ತು. ದಾಬೋಳಿಯ ವಿಮಾನ ನಿಲ್ದಾಣದಲ್ಲಿ ಓಡುದಾರಿಗೆ ಬಾಂಬು ಹಾಕಿದರೂ ಕಟ್ಟಡವನ್ನು ಉಳಿಸಿದ್ದು ಇದೇ ಕಾರಣಕ್ಕೆ. ಗೋವಾ ನಮ್ಮದೇ ನೆಲ, ಅಲ್ಲಿನವರು ನಮ್ಮವರೇ ಜನ. ನಾವೇ ಸುಡುವುದು ಹೇಗೆ? ಈ ಸಂಯಮಕ್ಕೆ ತಲೆಬಾಗಬೇಕು. ಆದರೆ ಸಂಯಮಕ್ಕೂ ಬೆಲೆಯಿದೆ, ಆ ಬೆಲೆಯನ್ನು ತೆರುವವನು ಮುಂದಿನ ದೋಣಿಯಲ್ಲಿ ಕುಳಿತವನು ಎಂಬುದನ್ನೂ ಮರೆಯುವಂತಿಲ್ಲ. ಇನ್ನೊಂದು ತೊಡಕೂ ಇದೆ. ತಮ್ಮವರು ದಡ ಸೇರಿದ ಮೇಲೆ ಹಡಗಿನ ಫಿರಂಗಿ ಹಾರಿಸುವುದು ಸುಲಭವಲ್ಲ. ಗುಂಡಿಗೆ ಮಿತ್ರ ಯಾರು, ಶತ್ರು ಯಾರು ಎಂದು ಗೊತ್ತಾಗುವುದಿಲ್ಲ.

ಕೊನೆಗೆ ಹಡಗುಗಳ ಫಿರಂಗಿಗಳು ಗರ್ಜಿಸಿದವು. ಶತ್ರುಗಳ ನೆಲೆಗಳು ಒಂದೊಂದಾಗಿ ಸದ್ದಡಗಿದವು. ಮರುದಿನ, ಅಂದರೆ ಡಿಸೆಂಬರ್ 19ರ ಮಧ್ಯಾಹ್ನದ ಹೊತ್ತಿಗೆ, ದ್ವೀಪ ನಮ್ಮವರ ವಶವಾಯಿತು. ಅದೇ ದಿನ ಸಂಜೆ ಗೋವೆಯಲ್ಲಿ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದ. ಕೊನೆಯವರೆಗೂ ಹೋರಾಡಿ ಸಾಯಿರಿ ಎಂಬ ಸಲಜಾರನ ಅಪ್ಪಣೆಯನ್ನು ಆತ ಪಾಲಿಸಲಿಲ್ಲ. ಪಾಲಿಸಿದ್ದರೆ ಎಷ್ಟು ಮನೆಗಳು ಉರಿಯುತ್ತಿದ್ದವೋ! 1510ರಿಂದ 451 ವರ್ಷ ನಡೆದ ಆಳ್ವಿಕೆ ಎರಡು ದಿನಗಳೊಳಗೆ ಮುಗಿಯಿತು.

ಅಂಜದೀವ್‌ನಲ್ಲಿ ಮಾತ್ರ ಕಥೆ ಇನ್ನೂ ಸ್ವಲ್ಪ ಉಳಿದಿತ್ತು. ಮೂವರು ಸೈನಿಕರು ಬಂಡೆಗಳ ನಡುವೆ ಅವಿತಿದ್ದರು. ಒಬ್ಬ 19ರಂದೇ ಶರಣಾದ. ಇನ್ನೊಬ್ಬ 20ರಂದು ಕೈಬಾಂಬು ಎಸೆದು ಹಲವರನ್ನು ಗಾಯಗೊಳಿಸಿದ ಮೇಲೆ ಸಿಕ್ಕಿಬಿದ್ದ. ಮೂರನೆಯವನು ನಮ್ಮ ಕರಾವಳಿಗೆ ಈಜಿಕೊಂಡೇ ಬಂದು 22ರಂದು ಸೆರೆಯಾದ. ಅವನು ಪೋರ್ಚುಗಲ್ಲಿನವನಲ್ಲ, ಗೋವೆಯವನೇ. ಪರರ ಬಾವುಟದ ಕೆಳಗೆ ನಿಂತ ನಮ್ಮದೇ ನೆಲದ ಹುಡುಗ ಈಜಿ ಸೇರಿದ್ದು ನಮ್ಮದೇ ದಡವನ್ನು!

ಒಟ್ಟು ಗೋವಾ ಕಾರ್ಯಾಚರಣೆಯಲ್ಲಿ ಮಡಿದ ಭಾರತೀಯ ಯೋಧರು 22 ಮಂದಿ ಎಂದು ಲೆಕ್ಕ. ಅವರಲ್ಲಿ 7 ಮಂದಿ ಈ ಒಂದೂವರೆ ಕಿಲೋಮೀಟರ್ ಬಂಡೆಯ ಮೇಲೆ, ಅದರ ಮುಂದಿನ ನೀರಿನ ಮೇಲೆ ಸತ್ತವರು. ಗಾಯಗೊಂಡವರು 19 ಮಂದಿ. ಇಡೀ ಗೋವಾ, ದಮನ್, ದಿಯುಗಳ ವಿಮೋಚನೆಗೆ ತೆತ್ತ ಪ್ರಾಣಗಳಲ್ಲಿ ಮೂರರಲ್ಲೊಂದು ಪಾಲನ್ನು ಭೂಪಟದಲ್ಲಿ ಹುಡುಕಿದರೂ ಸಿಗದ ಒಂದು ಚುಕ್ಕೆ ನುಂಗಿತು. ಶತ್ರು ಚಿಕ್ಕವನೆಂದು ಕಾಳಗವೂ ಚಿಕ್ಕದೆಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ಪಾಠ ಒಮ್ಮೆಗೇ ಬರುವುದಿಲ್ಲ

ಹತ್ತು ವರ್ಷಗಳ ನಂತರ, 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ಕೊನೆಯ ದಿನಗಳಲ್ಲಿ ಕಾಕ್ಸ್ ಬಜಾರ್ ಬಳಿ ಸೈನಿಕರನ್ನು ಹಡಗಿನಿಂದ ಇಳಿಸುವ ಪ್ರಯತ್ನ ನಡೆಯಿತು. ಅಲ್ಲಿ ಎದುರಿಗೆ ಶತ್ರುವಿನ ಗುಂಡೇ ಇರಲಿಲ್ಲ. ಆದರೆ ದಡ ಎಂದು ತಿಳಿದದ್ದು ಮರಳ ದಿಬ್ಬ, ಅದರಾಚೆ ಮತ್ತೆ ಆಳ. ಹಡಗಿನಿಂದಿಳಿದ ಸೈನಿಕರಲ್ಲಿ ಇಬ್ಬರು ಮುಳುಗಿ ಸತ್ತರು. ಕಡಲ ತಳವನ್ನು ಮೊದಲೇ ಅಳೆದು ನೋಡುವುದು, ಭರತ ಇಳಿತಗಳ ಲೆಕ್ಕ ಹಾಕುವುದು, ಅದಕ್ಕೆಂದೇ ಪಡೆಯನ್ನು ತಯಾರು ಮಾಡುವುದು, ಇವು ಗುಂಡಿನಷ್ಟೇ ಮುಖ್ಯ. ಭೂಗೋಳದ ಪುಸ್ತಕದಲ್ಲಿ ಉಬ್ಬರ–ಇಳಿತದ ಪಾಠ ಓದುವಾಗ ಇದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಎಂದಷ್ಟೇ ಎಣಿಸಬೇಡಿ. ಜೀವ ಉಳಿಸುವ, ಕಳೆಯುವ ವಿದ್ಯೆ ಅದು. ಇಂದು ನೌಕಾಪಡೆಯಲ್ಲಿ ಅದಕ್ಕೆಂದೇ ತರಬೇತಾದ ಕಮಾಂಡೊಗಳಿದ್ದಾರೆ. ಸೈನಿಕರನ್ನೂ ವಾಹನಗಳನ್ನೂ ದಡಕ್ಕೆ ಇಳಿಸಲೆಂದೇ ಕಟ್ಟಿದ 'ಜಲಾಶ್ವ'ದಂಥ ದೊಡ್ಡ ಹಡಗು 2007ರಲ್ಲಿ ಬಂದಿದೆ.

ಅಂಜದೀವ್ ಕೂಡ ಮೊದಲಿನಂತಿಲ್ಲ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ 'ಸೀಬರ್ಡ್' ಯೋಜನೆ ಬೆಳೆದು, 2005ರಲ್ಲಿ 'ಐಎನ್‌ಎಸ್ ಕದಂಬ' ನೌಕಾನೆಲೆಯಾಯಿತು. ಬನವಾಸಿಯ ಕದಂಬರ ಹೆಸರು ಕಡಲ ದಂಡೆಯಲ್ಲಿ ನಿಂತಿತು. ಅದಕ್ಕಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಡ ಎಲ್ಲವನ್ನೂ ಬಿಟ್ಟುಕೊಟ್ಟವು. ಆ ತ್ಯಾಗದ ಲೆಕ್ಕವನ್ನೂ ನಾವು ಇಡಬೇಕು. ನೌಕಾನೆಲೆಯ ಅಲೆತಡೆ ಗೋಡೆ ಈಗ ದ್ವೀಪವನ್ನು ನೆಲಕ್ಕೆ ಜೋಡಿಸಿದೆ. ಅಂದು ದೋಣಿಯಲ್ಲಿ ದಾಟಲಾರದೆ ಪ್ರಾಣ ಕೊಟ್ಟ ಕಡಲಿಗೆ ಇಂದು ಕಲ್ಲಿನ ದಾರಿ! ಹಿಂದೆ ಚರ್ಚಿನ ಹಬ್ಬಕ್ಕೆ ದೋಣಿಗಳಲ್ಲಿ ಹೋಗುತ್ತಿದ್ದ ಭಕ್ತರಿಗೆ ಈಗ ಪ್ರವೇಶವಿಲ್ಲ.

ಮೈಸೂರು ನೌಕೆ 1985ರಲ್ಲಿ ನಿವೃತ್ತಿಯಾಯಿತು. 1999ರಲ್ಲಿ ಅದೇ ಹೆಸರಿನ ಹೊಸ ನೌಕೆ ಪಡೆಗೆ ಸೇರಿತು. ದ್ವೀಪದ ಹೆಸರು ಹೊತ್ತ 'ಅಂಜದೀಪ್' ಎಂಬ ಜಲಾಂತರ್ಗಾಮಿ ನಿಗ್ರಹ ನೌಕೆಯನ್ನೂ 2023ರ ಜೂನ್‌ನಲ್ಲಿ ನೀರಿಗೆ ಇಳಿಸಲಾಯಿತು.

ಕಲ್ಲು ಹೇಳುವ ಕಥೆ

ಮತ್ತೆ ಹಳೇಬೀಡಿಗೆ ಬರೋಣ. ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಒಂದು ಕಂಬವಿದೆ. ಎರಡನೆಯ ಬಲ್ಲಾಳನ ದಂಡನಾಯಕ ಕುವರಲಕ್ಷ್ಮ ಒಡೆಯನೊಡನೆ ತಾನೂ ಪ್ರಾಣಬಿಟ್ಟ ಕಥೆಯನ್ನು ಅದು ಹೇಳುತ್ತದೆ. ದೊಡ್ಡವರ ಕಥೆ ಅದು, ದೊಡ್ಡ ಕಂಬವೇ ಸಿಕ್ಕಿತು. ಆದರೆ ಈ ಸೀಮೆಯ ಹಳ್ಳಿ ಹಳ್ಳಿಗಳಲ್ಲಿ, ಕೆರೆ ಏರಿಯ ಮೇಲೆ, ಹುಣಸೆ ಮರದ ಬುಡದಲ್ಲಿ ಅರ್ಧ ಹೂತು ನಿಂತಿರುವ ವೀರಗಲ್ಲುಗಳನ್ನು ನೋಡಿದ್ದೀರಾ? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಅವು ಬಹುಮಟ್ಟಿಗೆ ರಾಜರಿಗಾಗಿ ನಿಲ್ಲಿಸಿದ ಕಲ್ಲುಗಳಲ್ಲ. ತುರು ಕಾಯಲು, ಊರು ಉಳಿಸಲು ಹೋಗಿ ಸತ್ತ ಸಾಮಾನ್ಯರಿಗೆ ನಿಲ್ಲಿಸಿದವು. ಇಡೀ ಸೈನ್ಯಕ್ಕೆ ಒಂದು ಕಲ್ಲಲ್ಲ. ಸತ್ತ ಆ ಒಬ್ಬನಿಗೆ ಒಂದು ಕಲ್ಲು.

ಕಡಲಿನಲ್ಲಿ ಸತ್ತವರಿಗೂ ಅಂಥ ಕಲ್ಲುಗಳಿವೆ. ಮುಂಬಯಿಯ ಬೊರಿವಲಿ ಬಳಿಯ ಏಕ್ಸರ್‌ನಲ್ಲಿ ಹಡಗುಗಳ ಸಾಲು, ಹುಟ್ಟು ಹಾಕುವವರು, ಹಡಗಿನ ಮೇಲೆ ಕಾದುವವರು ಎಲ್ಲವನ್ನೂ ಕೆತ್ತಿದ ವೀರಗಲ್ಲುಗಳನ್ನು ಇಂದಿಗೂ ನೋಡಬಹುದು. ಹೊಯ್ಸಳರ ಎದುರಾಳಿಗಳಾಗಿದ್ದ ಸೇವುಣರಿಗೂ ಕೊಂಕಣದ ಶಿಲಾಹಾರರಿಗೂ 1265ರ ಸುಮಾರಿನಲ್ಲಿ ನಡೆದ ನೌಕಾಯುದ್ಧದ ನೆನಪು ಅವು ಎಂದು ವಿದ್ವಾಂಸರು ಹೇಳುತ್ತಾರೆ.

ಅಂಜದೀವ್‌ನ ಏಳು ನಾವಿಕರ ಸ್ಮಾರಕ ಗೋವೆಯ 'ಐಎನ್‌ಎಸ್ ಗೋಮಂತಕ' ನೌಕಾನೆಲೆಯಲ್ಲಿದೆ. ಅದು ಅವರ ವೀರಗಲ್ಲು. ಎಲ್ಲರೂ ಅಲ್ಲಿಗೆ ಹೋಗಿ ನೋಡುವುದು ಆಗದ ಮಾತು. ಆದರೆ ಶಾಲಾ ಪ್ರವಾಸದ ಬಸ್ಸು ಬೇಲೂರು, ಹಳೇಬೀಡು ಮುಗಿಸಿ ಘಟ್ಟ ಇಳಿದು, ಮುರುಡೇಶ್ವರ, ಗೋಕರ್ಣ ದಾಟಿ ಕಾರವಾರದತ್ತ ಹೋಗುವುದುಂಟು. ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ 'ಚಪಲ್' ಎಂಬ ಹಳೆಯ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ; ಮಕ್ಕಳು ಅದರೊಳಗೆ ಓಡಾಡುತ್ತಾರೆ. ಆ ಊರು ಸೇರುವ ಮೊದಲು ಅರಗಾ, ಬಿಣಗಾಗಳನ್ನು ಹಾದುಹೋಗುವಾಗ ಮೇಷ್ಟರು ಎಡಗಡೆಯ ಕಡಲಿನತ್ತ ಒಮ್ಮೆ ಕೈತೋರಿಸಿ, "ಆ ಕಡೆ ಒಂದು ದ್ವೀಪವಿದೆ" ಎಂದರೆ ಸಾಕು.

"ಅಲ್ಲಿ ಏನಾಯಿತು ಸಾರ್?" ಎಂದು ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಆಗ ಗೆದ್ದೆವು ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಏಳು ಮಂದಿ ಎಂದೂ ಹೇಳಿ.